ಅಂದ ಮುಖದ್ದು, ಚೆಂದ ಬೆಳಕಿನದು

ನಮ್ಮ ಗಡಿ ಸೀಮೆಯವರು ಒಂದೇ ಕೆಲಸಕ್ಕೆ ಎರಡು ಮಾತು ಇಟ್ಟುಕೊಂಡವರು. ಹಿಂದೂಪುರದ ಮಂಡಿಯಲ್ಲಿ ಹುಣಿಸೆಹಣ್ಣಿನ ರೇಟು ತೆಲುಗಿನಲ್ಲಿ ಕೇಳಿ, ಲಾಭ-ಲುಕ್ಸಾನು ಕನ್ನಡದಲ್ಲಿ ಲೆಕ್ಕ ಹಾಕುವ ಜನ. ಫೋಟೋ ವಿಷಯವೂ ಹಾಗೇ. ಕನ್ನಡದಲ್ಲಿ ನಾವು ಫೋಟೋ ‘ತೆಗೆಸಿಕೊಳ್ಳುತ್ತೇವೆ’. ನಮ್ಮ ಹಿಂದಿನವರು ‘ಹಿಡಿಸಿಕೊಳ್ಳುತ್ತಿದ್ದರು’. ತೆಲುಗಿನವರು ಮಾತ್ರ ಫೋಟೋ ‘ದಿಗುತ್ತಾರೆ’. ದಿಗುವುದು ಎಂದರೆ ಇಳಿಯುವುದು. ಬಾವಿಗೆ ಇಳಿದ ಹಾಗೆ ಮನುಷ್ಯ ಫೋಟೋದೊಳಕ್ಕೆ ಇಳಿಯುತ್ತಾನೆ! ಈ ಮಾತು ಯಾರು ಕಟ್ಟಿದರೋ ಗೊತ್ತಿಲ್ಲ, ಆದರೆ ಬಹಳ ಅರ್ಥದ ಮಾತು. ಇಳಿದ ಮೇಲೆ ಆ ಕಾಗದದೊಳಗೆ ಇರುವವರು ನಾವೇನಾ, ಇಲ್ಲಾ ನಮ್ಮ ಹಾಗೆ ಕಾಣುವ ಇನ್ಯಾರೋನಾ? ಈ ಪ್ರಶ್ನೆ ಗಂಡಸರಿಗೆ ಅಷ್ಟಾಗಿ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಬರುತ್ತದೆ. ಯಾಕೆಂದರೆ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಬದುಕು ತಿರುಗಿದ್ದೇ ಒಂದು ಪೋಸ್ಟ್‌ಕಾರ್ಡ್ ಸೈಜಿನ ಫೋಟೋದಿಂದ.

ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ, ನಡುವೆ ಮಡಕಶಿರಾ, ಪಾವಗಡದ ಹಳ್ಳಿಗಳು ಸೇರಿಸಿಕೊಂಡು, ಮನೆಯಲ್ಲೇ ಸ್ಟುಡಿಯೋ ಕಟ್ಟಿ ಹೆಣ್ಣುಮಕ್ಕಳ ಚೆಂದದ ಫೋಟೋ ತೆಗೆಯುವ ಪದ್ಧತಿ ಒಂದಿತ್ತು. ಈಗ ಮೊಬೈಲ್ ಬಂದು ಆ ಪದ್ಧತಿ ಬೇರೆ ರೂಪದಲ್ಲಿ ಮತ್ತೆ ಹುಟ್ಟಿದೆ. ಅದರ ಒಳಿತು ಕೆಡಕು ಎರಡನ್ನೂ ಓದುಗರ ಮುಂದೆ ಇಡುವುದು ಈ ಬರಹದ ಉದ್ದೇಶ.

ಬೆಡ್‌ಶೀಟಿನ ಸ್ಟುಡಿಯೋ

1970, 80ರ ದಶಕಗಳಲ್ಲಿ ಹಳ್ಳಿಯ ಹುಡುಗಿ ಪಟ್ಟಣದ ಸ್ಟುಡಿಯೋ ಮೆಟ್ಟಿಲು ಹತ್ತುವುದು ಸಲೀಸಾದ ವಿಷಯವಾಗಿರಲಿಲ್ಲ. “ಹೆಣ್ಣು ಮಗಳನ್ನ ಪೇಟೆಗೆ ಕರ್ಕೊಂಡು ಹೋಗಿ ಕತ್ತಲೆ ಕೋಣೇಲಿ ಕೂರಿಸ್ತೀರಾ?” ಅಂತ ಮನೆಯ ಹಿರಿಯರು ಗದರುತ್ತಿದ್ದರು. ಫೋಟೋ ಹಿಡಿಸಿದರೆ ಆಯಸ್ಸು ಕಮ್ಮಿಯಾಗುತ್ತೆ ಅನ್ನುವವರೂ ಇದ್ದರು. ಆದರೆ ಗಂಡಿನ ಕಡೆಯವರು ಕೇಳುತ್ತಾರಲ್ಲ! ಕನ್ನಡದವರ ‘ಹೆಣ್ಣು ನೋಡೋ ಶಾಸ್ತ್ರ’, ತೆಲುಗಿನವರ ‘ಪೆಳ್ಳಿ ಚೂಪುಲು’ ಎರಡಕ್ಕೂ ಮೊದಲು ಫೋಟೋ ಹೋಗಬೇಕು. ಅದಕ್ಕೇ ಫೋಟೋದವನನ್ನು ಮನೆಗೇ ಕರೆಸುತ್ತಿದ್ದರು.

ಆತ ಬರುತ್ತಿದ್ದುದು ಸೈಕಲ್ಲಿನಲ್ಲಿ. ಕೆಳಗೆ ಒಂದು ಚರ್ಮದ ಕೇಸು, ಹಿಂದೆ ಸ್ಟ್ಯಾಂಡು. ಬಂದವನೇ ಮನೆ ಸುತ್ತ ಒಂದು ಸುತ್ತು ಹಾಕಿ, ಪಡಸಾಲೆಯೋ ಅಂಗಳವೋ ಎಲ್ಲಿ ಬೆಳಕು ಚೆನ್ನಾಗಿದೆ ಅಂತ ನೋಡುವನು. ಎರಡು ಮೊಳೆಗೆ ಹಗ್ಗ ಕಟ್ಟಿ ಬೆಡ್‌ಶೀಟು ಇಳಿಬಿಟ್ಟರೆ ಸ್ಟುಡಿಯೋ ತಯಾರ್. ಪಕ್ಕದ ಮನೆಯಿಂದ ಸ್ಟೂಲು, ಎದುರು ಮನೆಯಿಂದ ಪ್ಲಾಸ್ಟಿಕ್ ಹೂವಿನ ಕುಂಡ, ಊರ ಗೌಡರ ಮನೆಯಿಂದ ಟ್ರಾನ್ಸಿಸ್ಟರ್ ರೇಡಿಯೋ. ಹುಡುಗಿಗೆ ದೊಡ್ಡಮ್ಮನ ಧರ್ಮಾವರಂ ಸೀರೆ, ಅತ್ತಿಗೆಯ ಕಾಸಿನ ಸರ, ಮಾವನ ವಾಚು. ವಾಚು ಕಾಣಿಸಬೇಕು ಅಂತ ಎಡಗೈ ಮುಂದೆ. ಜಡೆ ಉದ್ದ ಗೊತ್ತಾಗಲಿ ಅಂತ ಅದನ್ನೂ ಭುಜದ ಮೇಲಿಂದ ಮುಂದಕ್ಕೆ. ಎತ್ತರ ಗೊತ್ತಾಗಲಿ ಅಂತ ನಿಂತಿರುವುದೊಂದು, ಮುಖ ಕಾಣಲಿ ಅಂತ ಕೂತಿರುವುದೊಂದು. ಮೈನೆರೆದ ಹುಡುಗಿಗೋ ಮದುಮಗಳಿಗೋ ಆದರೆ ಹಿಂದೆ ಒಂದು ನಿಲುವುಗನ್ನಡಿ ಇಟ್ಟು, ಮುಂದೆ ಮುಖ, ಕನ್ನಡಿಯಲ್ಲಿ ಮೊಗ್ಗಿನ ಜಡೆ ಎರಡೂ ಒಂದೇ ಫೋಟೋದಲ್ಲಿ ಬರುವ ಹಾಗೆ ಹಿಡಿಯುವುದು. ತೆಲುಗಿನವರು ‘ಪೂಲ ಜಡ’ ಅನ್ನುವ ಇಂಥ ಫೋಟೋ ಇಲ್ಲದ ಹಳೇ ಆಲ್ಬಮ್ಮು ನಮ್ಮ ಸೀಮೆಯಲ್ಲಿ ಅಪರೂಪ.

ಆಗ ಬಳಕೆಯಲ್ಲಿದ್ದುದು ಹೆಚ್ಚಾಗಿ 120ರ ರೀಲು, ಚೌಕದ ಫೋಟೋ ಆದರೆ ಹನ್ನೆರಡೇ ಚಿತ್ರ. ಸ್ವಲ್ಪ ಅನುಕೂಲಸ್ಥ ಫೋಟೋದವರ ಹತ್ತಿರ ಎರಡು ಕಣ್ಣಿನ ಯಾಷಿಕಾ, ಉಳಿದವರ ಹತ್ತಿರ ಅಗ್ಫಾ ಕ್ಲಿಕ್ ಡಬ್ಬಾ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮು, ಕಾಗದ ಮಾಡುತ್ತಿತ್ತು. ಆ ಕಾರ್ಖಾನೆ ಈಗ ಇಲ್ಲ.

ಎರಡು ಕಣ್ಣಿನ ಕ್ಯಾಮೆರಾದ ಒಂದು ಗುಣ ಹೇಳಲೇಬೇಕು. ಅದನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಫೋಟೋದವನು ಹುಡುಗಿಯನ್ನು ದಿಟ್ಟಿಸುವ ಹಾಗೇ ಇಲ್ಲ! ತಲೆ ತಗ್ಗಿಸಿ ನಿಂತ ಗಂಡಸಿನ ಮುಂದೆ ಹುಡುಗಿಗೂ ನಾಚಿಕೆ ಕಮ್ಮಿ, ಬಾಗಿಲಲ್ಲಿ ನಿಂತ ಅಜ್ಜಿಗೂ ಅನುಮಾನ ಕಮ್ಮಿ. ಆ ಕಾಲದ ಹೆಣ್ಣುಮಕ್ಕಳ ಫೋಟೋಗಳಲ್ಲಿ ಮುಖದಲ್ಲಿ ಒಂದು ನೆಮ್ಮದಿ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ರೀಲು ತೊಳೆಯುವುದು ರಾತ್ರಿ. ಫೋಟೋದವನ ಮನೆಯ ಬಚ್ಚಲೇ ಡಾರ್ಕ್‌ರೂಮು. ಕಪ್ಪು-ಬಿಳುಪಿನ ಕಾಗದಕ್ಕೆ ಕೆಂಪು ಬೆಳಕು ತಾಕುವುದಿಲ್ಲವಾದ್ದರಿಂದ ಪ್ರಿಂಟು ಹಾಕುವಾಗ ಒಂದು ಕೆಂಪು ಬಲ್ಬು. ಆಮೇಲೆ ‘ಟಚ್ಚಿಂಗ್’. ನೆಗೆಟಿವಿನ ಮೇಲೆ ಸಣ್ಣ ಮೊನೆಯ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆ ಇಟ್ಟರೆ, ನೆಗೆಟಿವಿನಲ್ಲಿ ಕಪ್ಪಾದದ್ದು ಫೋಟೋದಲ್ಲಿ ಬೆಳ್ಳಗಾಗುತ್ತದೆ. ಕಣ್ಣಿನ ಕೆಳಗಿನ ಕಪ್ಪು ಮಾಯ, ಸಿಡುಬಿನ ಕಲೆ ಮಾಯ. ನಮ್ಮ ದೇಶದಲ್ಲಿ ಸಿಡುಬು ಕೊನೆಯಾದದ್ದು 1975ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಎಷ್ಟೋ ಮಂದಿಗೆ ಮುಖದ ಮೇಲೆ ಅಮ್ಮನ ಗುರುತು ಇತ್ತು. ಆ ಪೆನ್ಸಿಲ್ಲು ಎಷ್ಟು ಹೆಣ್ಣುಮಕ್ಕಳ ಮಾನ ಕಾಯ್ದಿತೋ, ಎಷ್ಟು ಮನೆಗಳಲ್ಲಿ ‘ಫೋಟೋದಲ್ಲಿ ಇರಲಿಲ್ಲವಲ್ಲ’ ಅನ್ನುವ ಜಗಳ ಹಚ್ಚಿತೋ, ಲೆಕ್ಕ ಇಟ್ಟವರಿಲ್ಲ.

ಕೋಳಿಗೂಡಿನಲ್ಲಿ ಸ್ಟುಡಿಯೋ

ಮನೆಯಲ್ಲಿ ಹೊಂದಿಸಿಕೊಂಡ ಸ್ಟುಡಿಯೋ ಅಂದರೆ ಹಳ್ಳಿಗಾಡಿನ ಬಡತನದ ಗುರುತು ಅಂತ ಯಾರೂ ತಿಳಿಯಬಾರದು. ಲೋಕದ ಅತಿ ದೊಡ್ಡ ಮುಖಚಿತ್ರಗಾರರಲ್ಲಿ ಒಬ್ಬಾಕೆ ಶುರು ಮಾಡಿದ್ದು ಕೋಳಿಗೂಡಿನಲ್ಲಿ! ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅಂತ. ಹುಟ್ಟಿದ್ದು 1815ರಲ್ಲಿ, ನಮ್ಮ ಕಲಕತ್ತೆಯಲ್ಲೇ. ನಲವತ್ತೆಂಟನೇ ವಯಸ್ಸಿನಲ್ಲಿ, 1863ರಲ್ಲಿ, ಮಗಳು ಕ್ಯಾಮೆರಾ ಉಡುಗೊರೆ ಕೊಟ್ಟಳು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ಮನೆಯ ಇದ್ದಿಲು ಕೊಠಡಿ ಡಾರ್ಕ್‌ರೂಮ್ ಆಯಿತು. ಗಾಜು ಹಾಕಿಸಿದ್ದ ಕೋಳಿಗೂಡು ಖಾಲಿಯಾಗಿ ಸ್ಟುಡಿಯೋ ಆಯಿತು. ಮನೆಗೆಲಸದ ಮೇರಿ ಹಿಲಿಯರ್ ಎಂಬ ಹುಡುಗಿಯನ್ನು ಕೂರಿಸಿ ಯೇಸುವಿನ ತಾಯಿಯ ಹಾಗೆ ಫೋಟೋ ತೆಗೆದಳು. ಆಗಿನ ಗಾಜಿನ ಪ್ಲೇಟಿಗೆ ಚಿತ್ರ ಹಿಡಿಯಬೇಕಾದರೆ ಕೂತವರು ನಿಮಿಷಗಟ್ಟಲೆ ಮಿಸುಕಾಡಬಾರದು. ಸ್ವಲ್ಪ ಮಸುಕು ಬಂದರೂ ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಕೊನೆಗಾಲದಲ್ಲಿ ಸಿಲೋನಿನ ಕಾಫಿ ತೋಟಕ್ಕೆ ಬಂದು, ಅಲ್ಲಿನ ತಮಿಳು ಕೂಲಿ ಜನರ ಫೋಟೋ ಕೂಡ ತೆಗೆದು, 1879ರಲ್ಲಿ ತೀರಿಕೊಂಡಳು.

ಅಷ್ಟು ದೂರ ಯಾಕೆ, ಹೈದರಾಬಾದಿಗೇ ಬನ್ನಿ. ನಿಜಾಮರ ಆಸ್ಥಾನದ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್ 1892ರಲ್ಲಿ ಪರ್ದಾ ಹೆಂಗಸರಿಗೆಂದೇ ಬೇರೆ ಜನಾನಾ ಸ್ಟುಡಿಯೋ ತೆಗೆದರು. ಅದರ ಉಸ್ತುವಾರಿ ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯದು. ಗಂಡಸಿನ ಕಣ್ಣು ಬೀಳದ ಜಾಗದಲ್ಲಿ ಹೆಣ್ಣುಮಕ್ಕಳು ತಮ್ಮ ಚೆಂದ ತಾವೇ ನೋಡಿಕೊಳ್ಳಬಹುದು ಅಂತ ಆ ವ್ಯವಸ್ಥೆ. ಅರಮನೆಯವರಿಗೆ ಎತ್ತರದ ಗೋಡೆ ಇತ್ತು. ನಮ್ಮವರಿಗೆ ಬೆಡ್‌ಶೀಟು ಇತ್ತು. ಬೇಕಾಗಿದ್ದದ್ದು ಇಬ್ಬರಿಗೂ ಒಂದೇ, ತಮ್ಮವರ ನಡುವೆ ಅಳುಕಿಲ್ಲದೆ ಕೂರುವ ಒಂದು ಜಾಗ.

“ಇದು ಬೇರೆ ಹುಡುಗಿ ಕಣಮ್ಮಾ”

ಇನ್ನು ಬಣ್ಣದ ವಿಚಾರ. ಕಪ್ಪು-ಬಿಳುಪು ಹೋಗಿ ಕಲರ್ ಬಂತು, ಕಲರ್ ರೀಲು ಹೋಗಿ ಕಂಪ್ಯೂಟರ್ ಬಂತು. ಪೆನ್ಸಿಲ್ಲಿನ ಕೆಲಸ ಮೌಸ್ ಮಾಡತೊಡಗಿತು. ಪೆನ್ಸಿಲ್ಲು ಕಲೆ ತೆಗೆಯುತ್ತಿತ್ತು. ಮೌಸು ಇಡೀ ಮೈಬಣ್ಣವನ್ನೇ ತೆಗೆಯಿತು.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಅಕ್ಕನ ಮಗಳು ಎಣ್ಣೆಗೆಂಪು ಬಣ್ಣದವಳು. ತೆಲುಗಿನಲ್ಲಿ ‘ಚಾಮನ ಛಾಯ’ ಅಂತಾರಲ್ಲ, ಹಾಗೆ. ಲಕ್ಷಣವಾದ ಮುಖ. ಪಟ್ಟಣದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಬಂದ ಫೋಟೋದಲ್ಲಿ ಹುಡುಗಿ ಸುಣ್ಣ ಬಳಿದ ಗೋಡೆಯ ಹಾಗಿದ್ದಳು. ಕೈ ಒಂದು ಬಣ್ಣ, ಮುಖ ಒಂದು ಬಣ್ಣ. ಹಿಂದೆ ಯಾವುದೋ ಸ್ವಿಜರ್ಲೆಂಡಿನ ಹೂದೋಟ. ಮನೆಯವರಿಗೆಲ್ಲ ಖುಷಿಯೋ ಖುಷಿ. ಫೋಟೋ ಕಲ್ಯಾಣದುರ್ಗದ ಕಡೆಯ ಒಂದು ಮನೆತನಕ್ಕೆ ಹೋಯಿತು. ಅವರೂ ಒಪ್ಪಿ ಎರಡು ಜೀಪು ತುಂಬ ಬಂದರು.

ಹುಡುಗಿ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು. ಗಂಡಿನ ಅಜ್ಜಿ ಸೊಂಟದ ಚೀಲದಿಂದ ಫೋಟೋ ತೆಗೆದು, ಒಮ್ಮೆ ಅದನ್ನು ಒಮ್ಮೆ ಇವಳನ್ನು ನೋಡಿ, ನಮ್ಮ ಅಕ್ಕನಿಗೆ ಹೇಳಿತು: “ಇದು ಬೇರೆ ಹುಡುಗಿ ಕಣಮ್ಮಾ. ಈ ಮಗು ಚೆನ್ನಾಗೈತೆ. ಆದ್ರೆ ಆ ಹುಡುಗೀನ ನೋಡಾಕೆ ಅಂತ ನಾವು ಬಂದಿದ್ದು.” ಅಜ್ಜಿಯ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಆದರೆ ಕಾಫಿ ಕುಡಿದು ಎದ್ದು ಹೋದವರು ಮತ್ತೆ ಸುದ್ದಿ ಹೇಳಿಕಳಿಸಲಿಲ್ಲ. ಆ ಹುಡುಗಿ ಎರಡು ತಿಂಗಳು ಕನ್ನಡಿ ಮುಂದೆ ನಿಲ್ಲಲಿಲ್ಲ. ಅವಳ ಬಣ್ಣದಲ್ಲಿ ತಪ್ಪಿರಲಿಲ್ಲ, ಅವಳ ಮುಖದಲ್ಲಿ ತಪ್ಪಿರಲಿಲ್ಲ. ಕಾಗದದ ಮೇಲಿನ ಆ ಬೆಳ್ಳನೆಯ ಹುಡುಗಿಯ ಮುಂದೆ ಇವಳು ಸೋಲಬೇಕಾಯಿತು. ತನ್ನ ಫೋಟೋಗೆ ತಾನೇ ಸವತಿಯಾದ ಹಾಗೆ!

ಈ ಬಣ್ಣದ ಹುಚ್ಚು ನಮ್ಮೂರಿನದಷ್ಟೇ ಅಲ್ಲ. ಅಮೆರಿಕದ ಕೊಡಾಕ್ ಕಂಪನಿ ಕಲರ್ ಫಿಲ್ಮಿನ ಬಣ್ಣ ಸರಿಯಾಗಿದೆಯೇ ಅಂತ ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕೊಡುತ್ತಿತ್ತು. ಅದರ ಮೇಲೆ ಒಬ್ಬ ಬಿಳಿ ಹೆಂಗಸಿನ ಚಿತ್ರ. ‘ಷರ್ಲಿ ಕಾರ್ಡ್’ ಅಂತಲೇ ಅದರ ಹೆಸರು. ಅವಳ ಬಣ್ಣ ಸರಿ ಬಂದರೆ ಎಲ್ಲರ ಬಣ್ಣ ಸರಿ ಬಂದ ಹಾಗೆ ಲೆಕ್ಕ! ಕಂದು, ಕಪ್ಪು ಮೈಬಣ್ಣದವರ ಮುಖ ಮಸಿ ಮುದ್ದೆಯಾದರೂ ಕೇಳುವವರಿರಲಿಲ್ಲ. 1970ರ ದಶಕದಲ್ಲಿ ಕಂಪನಿಯನ್ನು ಎಬ್ಬಿಸಿದ್ದು ಯಾರು ಗೊತ್ತೇ? ಚಾಕಲೇಟ್ ಮತ್ತು ಮರದ ಪೀಠೋಪಕರಣದ ಜಾಹೀರಾತಿನವರು. ತಮ್ಮ ಮಾಲಿನ ಕಂದು ಬಣ್ಣ ಫೋಟೋದಲ್ಲಿ ಸರಿಯಾಗಿ ಬರುತ್ತಿಲ್ಲ ಅಂತ ಅವರ ದೂರು. ಹಲವು ಬಣ್ಣದ ಹೆಂಗಸರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ನಮ್ಮ ದೇಶದಲ್ಲಿ 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮು ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಅಂತ ಮಾಡಿಕೊಂಡದ್ದು 2020ರಲ್ಲಿ. ಹೆಸರು ಬದಲಾಯಿತು, ಸಂಬಂಧ ಕುದುರಿಸುವವರ ನಾಲಿಗೆ ಬದಲಾಗಿಲ್ಲ. “ಪಿಲ್ಲ ರಂಗು ಎಲಾ ಉಂದಿ?” ಅಂತ ಆ ಕಡೆಯವರು, “ಹುಡುಗಿ ಬಣ್ಣ ಹೆಂಗೈತೆ?” ಅಂತ ಈ ಕಡೆಯವರು ಇವತ್ತಿಗೂ ಮೊದಲು ಕೇಳುವುದು ಇದನ್ನೇ.

ಹಿಂದೂಪುರದ ಪಕ್ಕದಲ್ಲೇ ಲೇಪಾಕ್ಷಿ ಇದೆ. ಬಸವಣ್ಣನನ್ನು ನೋಡಿ ಕೈಮುಗಿದು ಬರುವವರು ವೀರಭದ್ರ ಗುಡಿಯ ಒಳಗೆ ಹೋಗಿ ಒಮ್ಮೆ ಕತ್ತೆತ್ತಿ ನೋಡಬೇಕು. ಹದಿನಾರನೇ ಶತಮಾನದಲ್ಲಿ ವಿಜಯನಗರದವರ ಕಾಲದಲ್ಲಿ ಬರೆದ ಚಾವಣಿ ಚಿತ್ರಗಳು. ಗುಡಿ ಕಟ್ಟಿಸಿದ ವಿರೂಪಣ್ಣ, ವೀರಣ್ಣ ಸಹೋದರರ ಚಿತ್ರವೂ ಅಲ್ಲಿದೆ, ಉದ್ದ ಕುಲಾವಿ ಹಾಕಿಕೊಂಡು. ಪಕ್ಕಕ್ಕೆ ತಿರುಗಿದ ಮುಖ, ಅಗಲ ಕಣ್ಣು, ಬಿಗಿದ ತುರುಬು, ತರಾವರಿ ಅಂಚಿನ ಸೀರೆಯ ಹೆಂಗಸರ ಸಾಲುಗಳಿವೆ. ಆ ಸೀರೆಯ ನಮೂನೆಗಳನ್ನು ನೇಕಾರರು ಇವತ್ತಿಗೂ ನಕಲು ಮಾಡುತ್ತಾರೆ. ಕಾವಿ, ಹಳದಿ ಮಣ್ಣಿನ ಬಣ್ಣಗಳಲ್ಲೇ ಆ ಹೆಂಗಸರ ಚೆಂದ ಮೂಡಿದೆ. ನಾನೂರೈವತ್ತು ವರ್ಷಕ್ಕೂ ಹಿಂದೆ ನಮ್ಮ ಸೀಮೆಯ ಚಿತ್ರಗಾರನಿಗೆ ಮಣ್ಣಿನ ಬಣ್ಣದ ಮೈ ಚೆಂದ ಕಂಡಿತ್ತು. ನಮಗೆ ಈಗ ಯಾಕೆ ಕಾಣಬಾರದು?

ಹುಳುಮನೆಯ ಬೆಳಕು

ಹುಡುಗಿಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅವಳ ತಮ್ಮ ಬೆಂಗಳೂರಿನಿಂದ ಗೆಳೆಯನ ಕ್ಯಾಮೆರಾ ತಂದಿದ್ದ. “ಅಕ್ಕಾ, ಇನ್ನೊಂದು ಸಲ ಕೂತ್ಕೋ, ಯಾರಿಗೂ ಕಳಿಸೋದು ಬೇಡ, ನಿನಗೋಸ್ಕರ” ಅಂದ. ಎಲ್ಲಿ ಕೂರಿಸುವುದು? ಗೂಡು ಬಿಡಿಸಿ ಹಿಂದೂಪುರದ ಮಾರುಕಟ್ಟೆಗೆ ಹಾಕಿ ಬಂದು ನಾಲ್ಕು ದಿನವಾಗಿತ್ತು, ಹುಳುಮನೆ ಖಾಲಿ ಇತ್ತು. ಅಲ್ಲೇ ಕೂರಿಸಿದ.

ರೇಷ್ಮೆ ಬೆಳೆಗಾರ ಓದುಗರೇ, ನಮ್ಮ ಹುಳುಮನೆಗಿಂತ ಒಳ್ಳೆಯ ಸ್ಟುಡಿಯೋ ಪೇಟೆಯಲ್ಲೂ ಸಿಗುವುದಿಲ್ಲ! ಸುಣ್ಣ ಹೊಡೆದ ಗೋಡೆ. ಎರಡೂ ಕಡೆ ಕಿಟಕಿ. ಊಜಿ ನೊಣ ಬರದ ಹಾಗೆ ಕಿಟಕಿಗೆಲ್ಲ ನೈಲಾನ್ ಪರದೆ. ಆ ಪರದೆಯೊಳಗಿಂದ ಬರುವ ಬೆಳಕು ಸೋಸಿದ ಹಾಲಿನ ಹಾಗೆ ಮೆತ್ತಗಿರುತ್ತದೆ. ಪೇಟೆಯ ಸ್ಟುಡಿಯೋದವರು ಸಾವಿರಾರು ರೂಪಾಯಿ ಕೊಟ್ಟು ಕೊಡೆ, ಪೆಟ್ಟಿಗೆ ತಂದು ಮಾಡುವುದೂ ಇದನ್ನೇ, ಬೆಳಕನ್ನು ಸೋಸುವುದು. ಮೂಲೆಗೆ ಒರಗಿಸಿದ್ದ ಬಿದಿರಿನ ಚಂದ್ರಂಕಿ ಹಿಂದೆ ಬಂದು ಸುರುಳಿ ಸುರುಳಿಯಾಗಿ ಎಷ್ಟು ಚೆಂದ ಕಂಡಿತು ಅಂದರೆ, ಸ್ವಿಜರ್ಲೆಂಡಿನ ಹೂದೋಟ ಅದರ ಮುಂದೆ ಏನೂ ಅಲ್ಲ.

ಒಂದು ಎಚ್ಚರ. ಈ ಕೆಲಸ ಬೆಳೆ ಮುಗಿದು, ಮುಂದಿನ ಬೆಳೆಗೆ ಔಷಧಿ ಹೊಡೆದು ಶುದ್ಧಿ ಮಾಡುವ ಮೊದಲೇ ಆಗಬೇಕು. ಹುಳು ಇರುವಾಗ ಹೊರಗಿನವರನ್ನು ಒಳಗೆ ಬಿಡಬಾರದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ರೇಷ್ಮೆ ಇಲ್ಲದವರ ಮನೆಯಲ್ಲೂ ಇದು ಆಗುತ್ತದೆ. ಮಳೆಗೆ ಬಡವರಾದರೂ ಬೆಳಕಿಗೆ ನಾವು ಬಡವರಲ್ಲ. ಪಾವಗಡದ ತಿರುಮಣಿ ಸುತ್ತ ರೈತರ 13,000 ಎಕರೆ ಗೇಣಿಗೆ ಹಿಡಿದು 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಮಾಡಿರುವುದು ನಮ್ಮ ಬಿಸಿಲು ನಂಬಿಕೊಂಡೇ ಅಲ್ಲವೇ? ನನಗೆ ಗೊತ್ತಾದಷ್ಟು, ನೋಡಿ ಕಲಿತಷ್ಟು ಹೇಳುತ್ತೇನೆ.

ಮೊದಲನೆಯದು, ನೇರ ಬಿಸಿಲು ಬೇಡ. ಬಿಸಿಲಲ್ಲಿ ಕಣ್ಣು ಕಿರಿದಾಗುತ್ತೆ, ಮೂಗಿನ ಕೆಳಗೆ ನೆರಳು ಬೀಳುತ್ತೆ. ಬಾಗಿಲು ಅಥವಾ ಕಿಟಕಿಯಿಂದ ಮೂರು ನಾಲ್ಕು ಅಡಿ ಒಳಗೆ, ಬೆಳಕಿನ ಕಡೆಗೆ ಅರ್ಧ ತಿರುಗಿ ಕೂರಬೇಕು. ಉತ್ತರದ ಬಾಗಿಲು ಉತ್ತಮ. ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ ಎಂಬುದು ನೆನಪಿರಲಿ. ಬಿಸಿಲು ನುಗ್ಗಿದರೆ ಅಡ್ಡಲಾಗಿ ಒಂದು ಬಿಳಿ ಪಂಚೆ ಕಟ್ಟಿದರಾಯಿತು.

ಎರಡನೆಯದು, ಮುಖದ ಕತ್ತಲೆ ಬದಿಗೆ ಬೆಳಕು ತಿರುಗಿಸಲು ಥರ್ಮಾಕೋಲ್ ತುಂಡು ಸಾಕು. ಅದೂ ಇಲ್ಲವಾದರೆ ಮೊರಕ್ಕೆ ಬಿಳಿ ಟವೆಲು ಹೊದಿಸಿ ಹಿಡಿಯಬಹುದು. ಟ್ಯೂಬ್‌ಲೈಟು ಆರಿಸಿಬಿಡಿ. ಹಗಲ ಬೆಳಕಿನ ಜೊತೆ ಅದು ಸೇರಿದರೆ ಮುಖ ಎರಡು ಬಣ್ಣವಾಗುತ್ತೆ. ಹಸಿರು ಡಿಸ್ಟೆಂಪರ್ ಹೊಡೆದ ಗೋಡೆ ಹತ್ತಿರ ಕೂತರೆ ಕೆನ್ನೆಯೂ ಹಸಿರು.

ಮೂರನೆಯದು ಮುಖ್ಯವಾದದ್ದು. ಎಣ್ಣೆಗೆಂಪು, ಕಪ್ಪು ಬಣ್ಣದವರನ್ನು ಬೆಳ್ಳನೆ ಗೋಡೆಗೆ ಒರಗಿಸಿ ಕೂರಿಸಬೇಡಿ. ಕ್ಯಾಮೆರಾ ತನ್ನಷ್ಟಕ್ಕೆ ತಾನು ಬೆಳಕಿನ ಸರಾಸರಿ ಲೆಕ್ಕ ಹಾಕುತ್ತದೆ. ಗೋಡೆ ಬೆಳ್ಳಗಿದ್ದರೆ ‘ಬೆಳಕು ಹೆಚ್ಚಾಯಿತು’ ಅಂತ ತಿಳಿದು ಇಡೀ ಚಿತ್ರ ಕಪ್ಪು ಮಾಡುತ್ತದೆ. ಮುಖ ಇರುವುದಕ್ಕಿಂತ ಕಪ್ಪಾಗುತ್ತದೆ. ಆಮೇಲೆ ಅದನ್ನು ಬೆಳ್ಳಗೆ ಮಾಡಲು ಹೋಗಿ ಸುಣ್ಣ ಬಳಿದ ಹಾಗಾಗುವುದು. ಹಿಂದೆ ನಮ್ಮ ಕುರುಬರ ಕರಿ ಕಂಬಳಿ ಇಳಿಬಿಡಿ. ಉಣ್ಣೆ ಬೆಳಕನ್ನು ಕುಡಿದುಬಿಡುತ್ತದೆ, ಹೊಳಪಿಲ್ಲ, ಮಡಿಕೆ ಕಾಣುವುದಿಲ್ಲ. ಅದರ ಮುಂದೆ ಕಂದು ಮುಖ ಕಂಚಿನ ಹಾಗೆ ಬರುತ್ತದೆ. ಆಗ ಕ್ಯಾಮೆರಾ ಉಲ್ಟಾ ಮಾಡಿ ಮುಖವನ್ನು ಅತಿ ಬೆಳ್ಳಗೆ ಮಾಡಲು ನೋಡುತ್ತೆ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳೊತ್ತಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆದರೆ ಸರಿಹೋಯಿತು. ಕಂಬಳಿಗೂ ಕೂತವರಿಗೂ ನಾಲ್ಕು ಅಡಿ ಅಂತರ ಇರಲಿ.

ನಾಲ್ಕನೆಯದು ದೂರ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದಪ್ಪ ಬರುತ್ತೆ. ಅಮೆರಿಕದ ಡಾಕ್ಟರುಗಳು 2018ರಲ್ಲಿ ಲೆಕ್ಕ ಹಾಕಿದ್ದಾರೆ: ಹನ್ನೆರಡು ಅಂಗುಲದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಇರುವುದಕ್ಕಿಂತ ಶೇಕಡಾ 30ರಷ್ಟು ಅಗಲ ಕಾಣುತ್ತದಂತೆ. ಐದು ಅಡಿ ದೂರದಿಂದ ತೆಗೆದರೆ ಈ ಮೋಸ ಇಲ್ಲ. ಆದ್ದರಿಂದ ಐದು ಅಡಿ ಹಿಂದೆ ಸರಿದು, ಎರಡು ಪಟ್ಟು ಜೂಮ್ ಮಾಡಿ, ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆಯಿರಿ. ಮೊಬೈಲಿನ ‘ಬ್ಯೂಟಿ’ ಗುಂಡಿ ಆರಿಸಿ. ತೆಗೆಯುವ ಮೊದಲು ಲೆನ್ಸನ್ನು ಹತ್ತಿಯಲ್ಲಿ ಒರೆಸಿ. ಬೆವರಿನ ಕೈ, ಎಣ್ಣೆಯ ಕೈ ತಾಗಿ ಮಂಜಾಗಿರುತ್ತೆ.

ಕೊನೆಯದಾಗಿ, ಮಾತು. “ನಗಮ್ಮಾ, ನಗು” ಅಂದರೆ ಯಾರಿಗೂ ನಗು ಬರುವುದಿಲ್ಲ. ಅವಳ ಅಕ್ಕನೋ ಗೆಳತಿಯೋ ಪಕ್ಕದಲ್ಲಿ ನಿಂತು ಯಾವುದಾದರೂ ಹಳೇ ಸುದ್ದಿ ಎತ್ತಿದರೆ ತಾನೇ ಬರುತ್ತೆ. ಈಗ ನಮ್ಮ ಕಡೆ ಹುಡುಗಿಯರೇ ಹುಡುಗಿಯರ ಫೋಟೋ ತೆಗೆಯುತ್ತಿರುವುದು ನನಗಂತೂ ಸಂತೋಷದ ವಿಷಯ. ದೀನ್ ದಯಾಳರ ಜನಾನಾ ಸ್ಟುಡಿಯೋ ಈಗ ಪ್ರತಿ ಪಡಸಾಲೆಯಲ್ಲಿ!

ಅಂದಹಾಗೆ, ಹುಳುಮನೆಯ ಆ ಫೋಟೋದಲ್ಲಿ ನಮ್ಮ ಹುಡುಗಿ ಕಂದು ಬಣ್ಣದಲ್ಲೇ ಇದ್ದಳು, ಮನೆಯ ಹತ್ತಿ ಸೀರೆ ಉಟ್ಟಿದ್ದಳು, ತಮ್ಮನ ಯಾವುದೋ ಮಾತಿಗೆ ನಕ್ಕಿದ್ದಳು. ಮುಂದಿನ ಸಂಬಂಧಕ್ಕೆ “ಕಳಿಸೋದಾದ್ರೆ ಇದನ್ನೇ ಕಳಿಸಿ” ಅಂತ ಹಟ ಹಿಡಿದಳು. ಮೂರು ಮನೆಯವರು ಫೋಟೋ ನೋಡಿ ಸುಮ್ಮನಾದರು. ನಾಲ್ಕನೆಯವರು ನೋಡಿ ಬಂದರು, ಬಂದು ಒಪ್ಪಿದರು. ಫೋಟೋದಿಂದಲೇ ಮದುವೆಯಾಯಿತು ಅಂತ ನಾನು ಹೇಳಲಾರೆ. ಆದರೆ ಬಾಗಿಲಲ್ಲಿ ನಿಂತು ಯಾರೂ ಅವಳನ್ನು ಇನ್ನೊಬ್ಬಳ ಜೊತೆ ಹೋಲಿಸಲಿಲ್ಲ.

ಫೋಟೋ ಯಾರದು?

ಹಿಂದೆ ಸ್ಟುಡಿಯೋಗಳ ಮುಂದೆ ಗಾಜಿನ ಷೋಕೇಸು ಇರುತ್ತಿತ್ತು. ಚೆನ್ನಾಗಿ ಬಂದ ಹೆಣ್ಣುಮಕ್ಕಳ ಫೋಟೋ ದೊಡ್ಡದು ಮಾಡಿ ಅಲ್ಲಿ ಹಾಕುವವರಿದ್ದರು. ಕೇಳಿ ಹಾಕಿದವರು ಕಮ್ಮಿ. ಬಸ್‌ಸ್ಟ್ಯಾಂಡಿನಲ್ಲಿ ಹೋಗುವ ಬರುವವರೆಲ್ಲ ತಮ್ಮ ಮನೆ ಮಗಳನ್ನು ನೋಡುವುದು ಕಂಡು ಅಣ್ಣತಮ್ಮಂದಿರು ಹೊಡೆದಾಟಕ್ಕೆ ನಿಂತದ್ದುಂಟು. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಎಂದರೆ, 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕು ತೆಗೆಸಿಕೊಂಡವರದೇ ಹೊರತು ತೆಗೆದವನದಲ್ಲ. ವ್ಯಾಪಾರಸ್ಥ ಓದುಗರಿಗೆ ಇದು ಬೇಗ ಅರ್ಥವಾಗುತ್ತೆ: ಮಾಲಿಗೆ ದುಡ್ಡು ಕೊಟ್ಟವನು ಯಾರೋ, ಮಾಲು ಅವನದು.

ಈಗ ಷೋಕೇಸು ಹೋಗಿ ವಾಟ್ಸಾಪ್ ಬಂದಿದೆ. ತೆಲುಗಿನವರು ‘ಪೆಳ್ಳಿಳ್ಳ ಪೇರಯ್ಯ’ ಅಂತ ಕರೆಯುವ ಮದುವೆ ದಲ್ಲಾಳಿಯ ಮೊಬೈಲಿನಲ್ಲಿ ನೂರಾರು ಹುಡುಗಿಯರ ಫೋಟೋ. ಅನಂತಪುರದಿಂದ ತುಮಕೂರಿನವರೆಗೆ ಒಂದು ಬೆರಳಿಗೆ ಹೋಗುತ್ತವೆ. ಸಂಬಂಧ ಮುರಿದ ಮೇಲೂ ಫೋಟೋ ತಿರುಗುತ್ತಲೇ ಇರುತ್ತದೆ. ಹಿಂದೆ ಸಂಬಂಧ ಬೇಡ ಅಂದವರು ಫೋಟೋವನ್ನು ಅರಿಶಿನ ಕುಂಕುಮದ ಜೊತೆ ವಾಪಸು ಕಳಿಸುತ್ತಿದ್ದರು, ಅದೊಂದು ಮರ್ಯಾದೆ. ಈಗ ವಾಪಸು ಎಲ್ಲಿಂದ ಬರಬೇಕು? ಆದ್ದರಿಂದ ಯಾವ ಫೋಟೋ, ಯಾರಿಗೆ, ಎಷ್ಟು ಜನಕ್ಕೆ ಅಂತ ಮೊದಲು ಹುಡುಗಿಯನ್ನೇ ಕೇಳಬೇಕು. ಅಪ್ಪನಾದರೂ ಸರಿ, ಅಣ್ಣನಾದರೂ ಸರಿ. ಅವಳು ಬೇಡ ಅಂದ ಫೋಟೋ ಹೊಸಿಲು ದಾಟಬಾರದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಚೆಂದದ ಫೋಟೋ ಮದುವೆ ಹುಡುಗಿಗೆ ಮಾತ್ರ ಅಂತ ಯಾಕಾಯಿತು? ನಮ್ಮ ಎಷ್ಟೋ ಮನೆಗಳಲ್ಲಿ ಅವ್ವನಿಗೆ, ಅಜ್ಜಿಗೆ ಇರುವ ಒಂದೇ ಒಂದು ಫೋಟೋ ಪಟ್ಟಾದಾರ್ ಪಾಸ್‌ಬುಕ್ಕಿನದು, ಇಲ್ಲವೇ ಓಟಿನ ಗುರುತಿನ ಚೀಟಿಯದು. ಬೆಚ್ಚಿದ ಕಣ್ಣು, ಬಿಗಿದ ಬಾಯಿ. ಮುದುಕಿ ತೀರಿಕೊಂಡ ದಿನ ಗೋಡೆಗೆ ಹಾಕಲು ಫೋಟೋ ಹುಡುಕಿ, ಕೊನೆಗೆ ಆ ಚೀಟಿಯ ಚಿತ್ರವನ್ನೇ ಹಿಗ್ಗಿಸಿ ಫ್ರೇಮ್ ಹಾಕಿಸುತ್ತಾರೆ. ಐವತ್ತು ವರ್ಷ ಕಳೆ ಕಿತ್ತ, ಹುಳು ಸಾಕಿದ, ಮಕ್ಕಳನ್ನು ಹೆತ್ತ ಮುಖ ಗೋಡೆಯ ಮೇಲೆ ಕಳ್ಳರ ಪಟ್ಟಿಯ ಚಿತ್ರದ ಹಾಗೆ ನೇತಾಡುತ್ತದೆ.

ಕಡಲೆಕಾಯಿ ಬಿಡಿಸಿ ಮುಗಿದು, ಸಂಕ್ರಾಂತಿಗೆ ಮಕ್ಕಳೆಲ್ಲ ಊರಿಗೆ ಬರುತ್ತಾರೆ, ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು ಇರುತ್ತದೆ. ಬೆಳಗಿನ ಎಂಟು ಗಂಟೆಗೆ ಬಾಗಿಲ ಬೆಳಕು ಹದವಾಗಿರುತ್ತದೆ. ಕಂಬಳಿ ಮನೆಯಲ್ಲೇ ಇದೆ, ಪಂಚೆ ಮನೆಯಲ್ಲೇ ಇದೆ. ಅಜ್ಜಿ “ನನಗ್ಯಾತಕ್ಕಪ್ಪಾ ಈ ವಯಸ್ಸಿನಾಗೆ” ಅನ್ನುತ್ತಾಳೆ. ಅನ್ನಲಿ. ಕೈ ಹಿಡಿದು ಕೂರಿಸಿ, ಸೆರಗು ಸರಿ ಮಾಡಿ, ಅವಳ ತವರಿನ ಮಾತು ಎತ್ತಿ.